ಭೀಮಾತಡಿಯ ಕುದುರೆಯೂ ದೇಶದ ಅಶ್ವಕ್ರೀಡೆಯೂ

ಮನುಷ್ಯನ ಕ್ರೀಡೆಗಳಲ್ಲಿ ಅಶ್ವಕ್ರೀಡೆಗೆ ಒಂದು ವೈಶಿಷ್ಟ್ಯವುಂಟು. ಉಳಿದೆಡೆ ಆಟಗಾರನು ತನ್ನ ದೇಹವೊಂದನ್ನೇ ಪಳಗಿಸಿದರೆ ಸಾಕು. ಇಲ್ಲಿ ಮಾತು ಬಾರದ ಇನ್ನೊಂದು ಜೀವದ ವಿಶ್ವಾಸವನ್ನೂ ಗಳಿಸಬೇಕು. ಸ್ತ್ರೀಪುರುಷರು ಒಂದೇ ಕಣದಲ್ಲಿ ಸರಿಸಮನಾಗಿ ಸ್ಪರ್ಧಿಸುವ ಕ್ರೀಡೆಯೂ ಇದೇ. ಒಲಿಂಪಿಕ್ ಕೂಟದಲ್ಲಿ ಇದಕ್ಕೆ ಮೂರು ಅಂಗಗಳು. ಸವಾರನ ಸೂಕ್ಷ್ಮ ಸಂಜ್ಞೆಗೆ ತಕ್ಕಂತೆ ಕುದುರೆ ಹದವಾಗಿ ಹೆಜ್ಜೆಯಿಡುವುದು ಡ್ರೆಸಾಜ್. ತಡೆಗಳನ್ನು ಕೆಡವದೆ ದಾಟುವುದು ಜಿಗಿತದ ಸ್ಪರ್ಧೆ. ಇವೆರಡರೊಡನೆ ಬಯಲು ಹಾದಿಯ ಓಟವೂ ಸೇರಿದರೆ ಅದು ಈವೆಂಟಿಂಗ್.

2023ರ ಸೆಪ್ಟೆಂಬರ್ 26ರಂದು ಚೀನಾದ ಹಾಂಗ್‌ಝೌ ಏಷ್ಯನ್ ಕೂಟದಲ್ಲಿ ಅನುಷ್ ಅಗರವಾಲಾ, ಹೃದಯ್ ಛೇಡಾ, ದಿವ್ಯಕೃತಿ ಸಿಂಗ್ ಮತ್ತು ಸುದೀಪ್ತಿ ಹಜೇಲಾ ಅವರ ತಂಡ ಡ್ರೆಸಾಜ್‌ನಲ್ಲಿ ಸ್ವರ್ಣಪದಕ ಪಡೆಯಿತು. 1982ರ ದೆಹಲಿ ಕೂಟದ ಬಳಿಕ ನಲವತ್ತೊಂದು ವರ್ಷಗಳಿಗೆ ಈ ಕ್ರೀಡೆಯಲ್ಲಿ ಭಾರತಕ್ಕೆ ಬಂದ ಚಿನ್ನವಿದು. ಅದಕ್ಕೂ ಮೊದಲು, 2018ರ ಜಕಾರ್ತಾ ಕೂಟದಲ್ಲಿ, ಬೆಂಗಳೂರಿನ ಫವಾದ್ ಮಿರ್ಜಾ ಈವೆಂಟಿಂಗ್‌ನಲ್ಲಿ ಎರಡು ಬೆಳ್ಳಿಪದಕಗಳಿಗೆ ಭಾಜನರಾಗಿದ್ದರು. ಸವಾರರು ನಮ್ಮವರು, ಆದರೆ ಅವರನ್ನು ಹೊತ್ತ ಕುದುರೆಗಳು ಯೂರೋಪಿನವು. ಕ್ರೀಡಾಶ್ವವನ್ನು ನಮ್ಮ ನೆಲದಲ್ಲಿಯೇ ಬೆಳೆಸಲಾಗದೆ ಎಂಬ ಪ್ರಶ್ನೆ ಇಲ್ಲಿಂದ ಹುಟ್ಟುತ್ತದೆ.

ಭಾರತದಲ್ಲಿ ಅಶ್ವಪಾಲನೆ ಇಲ್ಲವೆಂದಲ್ಲ. ಟಿಪ್ಪು ಸುಲ್ತಾನನ ಕಾಲದೊಡನೆ ಹೆಸರು ಬೆಸೆದುಕೊಂಡಿರುವ ಕುಣಿಗಲ್ಲಿನ ಕುದುರೆ ಫಾರಂ ನಾಡಿಗೆಲ್ಲ ಪರಿಚಿತ. ಆದರೆ ಅದು ಪ್ರಸಿದ್ಧವಾದುದು ಜೂಜಿನ ಓಟದ ಥರೋಬ್ರೆಡ್ ಕುದುರೆಗಳಿಂದ. ಓಟದ ಕುದುರೆಗೆ ವೇಗವೇ ಪ್ರಧಾನ. ಕ್ರೀಡಾಶ್ವಕ್ಕೆ ಬೇಕಾದುದು ಸಮಚಿತ್ತ, ಬಳುಕುವ ನಡಿಗೆ, ಹಿಂಗಾಲಿನ ಕಸುವು. ಓಟದಿಂದ ನಿವೃತ್ತವಾದ ಕುದುರೆಗಳನ್ನೇ ಜಿಗಿತಕ್ಕೆ ಪಳಗಿಸುವ ವಾಡಿಕೆ ನಮ್ಮಲ್ಲಿದೆ. ಅದು ಉತ್ತಮ ಉಪಯೋಗವೇ ಸರಿ, ತಳಿ ನಿರ್ಮಾಣವಲ್ಲ.

ತಳಿ ನಿರ್ಮಾಣವಾಗುವ ಬಗೆಗೆ ಜರ್ಮನಿಯ ಸೆಲ್ಲೆ ಪಟ್ಟಣ ನಿದರ್ಶನ. ಅಲ್ಲಿ 1735ರಲ್ಲಿ ರಾಜಾಶ್ರಯದಿಂದ ಏರ್ಪಟ್ಟ ಅಶ್ವಶಾಲೆಯ ಬೀಜದ ಕುದುರೆಗಳನ್ನು ಸುತ್ತಲಿನ ರೈತರ ಹೆಣ್ಣುಕುದುರೆಗಳಿಗೆ ಒದಗಿಸಲಾಯಿತು. ಹುಟ್ಟಿದ ಮರಿಯ ವಂಶ, ನಡತೆ, ಸಾಧನೆಗಳನ್ನು ದಾಖಲಿಸುತ್ತ ತಲೆಮಾರುಗಳವರೆಗೆ ಆಯ್ಕೆ ನಡೆಯಿತು. ಹ್ಯಾನೋವರ್ ತಳಿಯ ಹಿಂದೆ ಅರಸನ ಹಣವಿದ್ದಂತೆ ರೈತನ ಕೊಟ್ಟಿಗೆಯೂ ಇದೆ. ಈ ಕೆಲಸಕ್ಕೆ ತಾಳ್ಮೆ ಬೇಕು. ಹೆಣ್ಣುಕುದುರೆ ಹನ್ನೊಂದು ತಿಂಗಳು ಗರ್ಭ ಧರಿಸಿ ಸಾಮಾನ್ಯವಾಗಿ ಒಂದೇ ಮರಿಯನ್ನು ಈಯುತ್ತದೆ. ಮರಿಗೆ ಮೂರು ನಾಲ್ಕು ವರ್ಷ ತುಂಬಿದ ಮೇಲೆ ಜೀನು ಬಿಗಿಯುತ್ತಾರೆ; ಅಂತರರಾಷ್ಟ್ರೀಯ ಕಣಕ್ಕೆ ಅದು ಸಿದ್ಧವಾಗಲು ಮತ್ತೆ ನಾಲ್ಕೈದು ವರ್ಷ ಬೇಕು. ಇಂದು ಕೈಗೊಂಡ ಸಂಕಲ್ಪದ ಫಲ ಹತ್ತು ವರ್ಷಗಳಾಚೆಗೆ ಕಾಣುವಂಥದು.

ದಕ್ಷಿಣದ ಇತಿಹಾಸದಲ್ಲಿ ಕುದುರೆಯ ಕೊರತೆ ಹಳೆಯ ಕಥೆ. ಆಳಂದಕ್ಕೆ ದೂರವಲ್ಲದ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅಶ್ವವಿನೋದಕ್ಕೆಂದೇ ಅಧ್ಯಾಯವಿದೆ, ಕುದುರೆಯೇರಿ ಕೋಲಿನಿಂದ ಚೆಂಡು ಹೊಡೆಯುವ ಆಟದ ವರ್ಣನೆ ಅದರಲ್ಲಿ ಬರುತ್ತದೆ. ಶಾಸ್ತ್ರವಿದ್ದರೂ ಕುದುರೆ ಬಹುಪಾಲು ಕಡಲಾಚೆಯಿಂದಲೇ ಬರುತ್ತಿತ್ತು. ವಿಜಯನಗರದ ಅರಸರು ಅರಬ್ಬೀ ಮತ್ತು ಹೊರ್ಮುಜ್ ಕುದುರೆಗಳಿಗೆ ಅಪಾರ ಹೊನ್ನು ಸುರಿದರು. ತಮಿಳು ತೀರಕ್ಕೆ ವರ್ಷವರ್ಷವೂ ಬಂದಿಳಿಯುವ ಕುದುರೆಗಳು ಸರಿಯಾದ ಆರೈಕೆ ಬಲ್ಲವರಿಲ್ಲದೆ ಸಾಯುತ್ತಿದ್ದುವೆಂದು ಹದಿಮೂರನೆಯ ಶತಮಾನದ ಪ್ರವಾಸಿ ಮಾರ್ಕೊ ಪೋಲೊ ಬರೆದಿಟ್ಟಿದ್ದಾನೆ. ಕೊಳ್ಳುವ ಸಿರಿ ಇದ್ದು ಸಾಕುವ ವಿದ್ಯೆ ಕೊರತೆಯಾದರೆ ಆಗುವ ನಷ್ಟ ಇದು.

ಈ ಕೊರತೆಯ ನಡುವೆ ದಖ್ಖನಿನ ನೆಲವೇ ರೂಪಿಸಿದ ಕುದುರೆಯೊಂದುಂಟು. ಅದರ ಹೆಸರು ಭೀಮಥಡಿ. ಮರಾಠಿಯ ‘ಥಡಿ’ಯೂ ಕನ್ನಡದ ‘ತಡಿ’ಯೂ ನದಿಯ ದಡವನ್ನೇ ಹೇಳುತ್ತವೆ. ಭೀಮೆಯ ದಡದ ಕುದುರೆಯೆಂಬುದೇ ಹೆಸರಿನ ಅರ್ಥ. ಅದೇ ಭೀಮೆ ಅಫಜಲಪುರ, ಜೇವರ್ಗಿ ತಾಲೂಕುಗಳಲ್ಲಿ ಹರಿಯುತ್ತದೆ. ಆಳಂದದ ಅಮರ್ಜಾ ಗಾಣಗಾಪುರದ ಸಂಗಮದಲ್ಲಿ ಅದನ್ನು ಸೇರುತ್ತದೆ. ಗಿಡ್ಡನೆಯ ಮೈಕಟ್ಟು, ಗಟ್ಟಿ ಗೊರಸು, ಒಣಮೇವಿನಲ್ಲಿಯೂ ಕುಗ್ಗದ ತ್ರಾಣ ಈ ಕುದುರೆಯ ಲಕ್ಷಣ. ಮರಾಠರ ದಂಡಿನಲ್ಲಿ ಹೆಸರು ಮಾಡಿದ ಇದು ಇಂದು ಕುರಿಗಳೊಡನೆ ವಲಸೆ ಹೋಗುವ ಧನಗರರ ಹೇರು ಹೊರುತ್ತಿದೆ. 2023-24ರಲ್ಲಿ ಕೇಂದ್ರದ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆಯು ಇದನ್ನು ದೇಶದ ಎಂಟನೆಯ ಕುದುರೆ ತಳಿಯಾಗಿ ನೋಂದಾಯಿಸಿತು. ಆದರೆ ನೋಂದಣಿ ಮಹಾರಾಷ್ಟ್ರದ ತಳಿಯೆಂದಾಯಿತು. ಇತ್ತ ಕನ್ನಡ ನೆಲದ ಕುರುಬರೂ ಕುದುರೆಯ ಮೇಲೆ ಹೇರು ಹೇರಿಕೊಂಡು ಕುರಿ ಮೇಯಿಸುವವರೇ. ಆ ಕುದುರೆಗಳನ್ನು ಲಕ್ಷಣ ನೋಡಿ ಎಣಿಸುವುದು ಮೊದಲ ಕೆಲಸವಾಗಬೇಕು. ಬೀದರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯವೇ ಇರುವಾಗ ಇದು ಅಸಾಧ್ಯವಲ್ಲ.

ವಿಳಂಬಕ್ಕೆ ಅವಕಾಶವೂ ಕಡಿಮೆ. 2012ರ ಜಾನುವಾರು ಗಣತಿಯಲ್ಲಿ ದೇಶದ ಕುದುರೆ ಮತ್ತು ತಟ್ಟುಗಳ ಸಂಖ್ಯೆ ಸುಮಾರು 6.25 ಲಕ್ಷವಿದ್ದುದು, 2019ರ ಗಣತಿಯಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿಯಿತು. ಕೆಲಸವಿಲ್ಲದ ಪ್ರಾಣಿಯನ್ನು ಬಡವನು ಬಹುಕಾಲ ಸಾಕಲಾರ.

ಭೀಮಥಡಿಯು ಒಲಿಂಪಿಕ್ ತಡೆಗಳನ್ನು ಹಾರಬಲ್ಲುದೆಂದು ಯಾರೂ ಹೇಳರು. ಅದರ ಎತ್ತರವೇ ಅಡ್ಡಿ. ಆದರೆ ಮಕ್ಕಳಿಗೆ ಸವಾರಿ ಕಲಿಸಲು ಗಿಡ್ಡ ತಟ್ಟುವೇ ಉತ್ತಮ. ದೂರ ಕ್ರಮಿಸುವ ಸಹನಶಕ್ತಿಯ ಸ್ಪರ್ಧೆಗೂ ಅದನ್ನು ಪರೀಕ್ಷಿಸಿ ನೋಡಬಹುದು. ಎತ್ತರದ ಕ್ರೀಡಾಶ್ವವನ್ನು ಬೇರೆಡೆ ಬೆಳೆಸಿದರೂ, ಏರುವ ಮಕ್ಕಳೂ ಆರೈಕೆ ಬಲ್ಲ ಕೈಗಳೂ ಸಿದ್ಧವಾಗುವುದು ಇಂಥ ಕುದುರೆಗಳ ಬಳಿಯಲ್ಲಿಯೇ.

ಇನ್ನೊಂದು ತೊಡಕು ರೋಗಗಳದು. ಗ್ಲ್ಯಾಂಡರ್ಸ್, ಸರ್ರಾ ಮೊದಲಾದ ವ್ಯಾಧಿಗಳ ಭಯದಿಂದ ನಮ್ಮ ಕುದುರೆಗಳ ಪ್ರವೇಶಕ್ಕೆ ಹೊರದೇಶಗಳು ಕಠಿಣ ನಿಯಮ ವಿಧಿಸಿವೆ. 2025ರ ಜುಲೈಯಲ್ಲಿ ಮೀರತ್ ದಂಡುಪ್ರದೇಶದ ಸೇನಾ ಪಶುವೈದ್ಯ ಕೇಂದ್ರದ ಆವರಣಕ್ಕೆ ವಿಶ್ವ ಪ್ರಾಣಿ ಆರೋಗ್ಯ ಸಂಘಟನೆಯು ರೋಗಮುಕ್ತ ವಿಭಾಗವೆಂಬ ಮನ್ನಣೆಯಿತ್ತುದು ಮಹತ್ವದ ಮೊದಲ ಹೆಜ್ಜೆ. ಒಂದು ದ್ವಾರ ತೆರೆಯಿತೇ ಹೊರತು ರೋಗ ದೇಶದಿಂದಳಿಯಲಿಲ್ಲ. ಹಳ್ಳಿಯ ಕುದುರೆಗೂ ರಕ್ತಪರೀಕ್ಷೆ ದೊರೆಯುವತನಕ ಈ ಕಾರ್ಯ ಅಪೂರ್ಣ.

ಧನಸಹಾಯದ ಹಾದಿಯೂ ಈಗ ಇದೆ. ರಾಷ್ಟ್ರೀಯ ಜಾನುವಾರು ಮಿಷನ್ 2024ರ ಫೆಬ್ರವರಿಯಲ್ಲಿ ಪರಿಷ್ಕೃತವಾದಾಗ ಕುದುರೆ, ಕತ್ತೆ, ಹೇಸರಗತ್ತೆ ಮತ್ತು ಒಂಟೆಗಳ ಸಾಕಣೆಯೂ ಅದರಲ್ಲಿ ಸೇರಿತು. ಬಂಡವಾಳದ ಅರ್ಧ, ಗರಿಷ್ಠ 50 ಲಕ್ಷ ರೂಪಾಯಿ, ಸಹಾಯಧನವಾಗಿ ದೊರೆಯುವ ಏರ್ಪಾಡದು. ಆದರೆ ಲಾಳ ಕಟ್ಟುವ ನಾಲಬಂದನಿಗೆ ಹೊಸ ತರಬೇತಿ, ಕುದುರೆಯ ರೋಗವರಿತ ವೈದ್ಯ, ವಂಶಾವಳಿಯನ್ನು ತಪ್ಪದೆ ಬರೆದಿಡುವ ಗುಮಾಸ್ತ, ಈ ಮೂವರಿಲ್ಲದೆ ಹಣವೊಂದರಿಂದಲೇ ತಳಿ ಬೆಳೆಯದು.

ಕುದುರೆ ಕಂಡರೆ ಕಾಲುನೋವು ಎಂಬ ಗಾದೆ ನಮ್ಮಲ್ಲಿದೆ. ಪದಕ ಬಂದ ದಿನ ಕುದುರೆಯನ್ನು ನೆನೆದು ಮರುದಿನ ಮರೆಯುವುದು ಆ ಗಾದೆಗೆ ಸಮೀಪದ ನಡತೆ. ಭೀಮೆಯ ದಡದಲ್ಲಿ ಉಳಿದಿರುವ ಕುದುರೆಗಳನ್ನು ಗುರುತಿಸಿ, ಸಾಕುವವನಿಗೆ ನಾಲ್ಕು ಕಾಸು ಉಳಿಯುವಂತೆ ಮಾಡಿದರೆ, ನದಿಯ ಹೆಸರು ಹೊತ್ತ ಈ ಜೀವ ಎರಡೂ ದಡಗಳಲ್ಲಿ ಬಾಳೀತು.