ಆಂಪ್ಲಿಫಯರಿಗೆ ತಕ್ಕ ಸ್ಪೀಕರು

ಸಂಗೀತ ಕೇಳಲು ಕಿವಿಯಿದ್ದರೆ ಸಾಕು. ಸಂಗೀತ ಕೇಳಿಸುವ ಯಂತ್ರವನ್ನು ಕೊಳ್ಳಲು ಕಿವಿಯ ಜೊತೆಗೆ ತುಸು ಲೆಕ್ಕವೂ ಬೇಕು. ಕಲಾ ವಿಭಾಗದ ವಿದ್ಯಾರ್ಥಿನಿಗೆ ಓಮು, ವಾಟುಗಳ ಗೊಡವೆಯೇಕೆ ಎಂದು ವಿಜ್ಞಾನದ ಮಿತ್ರರು ನಗಬಹುದು. ಆದರೆ ಮನೆತನದಲ್ಲಿ ಮೊತ್ತಮೊದಲಿಗೆ ಕಾಲೇಜಿನ ಮೆಟ್ಟಿಲು ಹತ್ತಿದವರ ಪಾಡೇ ಬೇರೆ. ಮನೆಗೆ ಯಾವ ಯಂತ್ರ ಬಂದರೂ ಅದರ ಬೆನ್ನಿನ ಇಂಗ್ಲಿಷ್ ಬರಹವನ್ನು ನಮ್ಮ ಮುಂದೆ ಹಿಡಿದು, "ಓದಿದವಳು ನೀನು, ಇದೇನೆಂದು ಹೇಳು ಮಗಾ" ಎನ್ನುತ್ತಾರೆ. ಅಮ್ಮ ಬೀಡಿ ಕಟ್ಟಿ ಕೂಡಿಟ್ಟ ಹಣದಲ್ಲಿ ಸ್ಟೀರಿಯೋ ಕೊಳ್ಳುವಾಗ ಆ ಬರಹ ನಮಗೆ ಅರ್ಥವಾಗದಿದ್ದರೆ ನಷ್ಟ ಅಮ್ಮನದು. ಈ ಲೇಖನಕ್ಕೆ ಅದೇ ಕಾರಣ.

ಫೋನಿನಿಂದಲೋ ರೇಡಿಯೋದಿಂದಲೋ ಬರುವ ಕ್ಷೀಣವಾದ ವಿದ್ಯುತ್ ಸಂಕೇತವನ್ನು ಬಲಪಡಿಸುವುದು ಆಂಪ್ಲಿಫಯರು. ಆ ವಿದ್ಯುತ್ತನ್ನು ಸದ್ದಾಗಿ ಮಾರ್ಪಡಿಸುವುದು ಸ್ಪೀಕರು. ಅಯಸ್ಕಾಂತದ ನಡುವೆ ತಂತಿಯ ಸುರುಳಿ ಅಲುಗಾಡಿ ಕಾಗದದ ಶಂಕುವನ್ನು ನಡುಗಿಸುವ ಸ್ಪೀಕರನ್ನು ಅಮೆರಿಕದ ರೈಸ್ ಮತ್ತು ಕೆಲ್ಲಾಗ್ ಎಂಬವರು 1925ರಲ್ಲಿ ವಿವರಿಸಿದರು. ಇಂದಿನ ಬಹುತೇಕ ಸ್ಪೀಕರುಗಳ ತತ್ತ್ವವೂ ಅದೇ. ಎಡಬಲಗಳಿಂದ ಬೇರೆ ಬೇರೆ ಧ್ವನಿ ಹೊರಡಿಸುವ ಸ್ಟೀರಿಯೋ ವಿಧಾನಕ್ಕೆ ಇಂಗ್ಲೆಂಡಿನ ಅಲನ್ ಬ್ಲುಮ್ಲೀನ್ 1931ರಲ್ಲಿ ಪೇಟೆಂಟಿನ ಅರ್ಜಿ ಸಲ್ಲಿಸಿದನು. ಆಂಪ್ಲಿಫಯರು, ಸ್ಪೀಕರು ಎರಡೂ ಉತ್ತಮವಾಗಿದ್ದು ಪರಸ್ಪರ ಹೊಂದದಿದ್ದರೆ, ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎಂಬ ಗಾದೆಯಂತಾಗುವುದು.

ಮೊದಲು ನೋಡಬೇಕಾದುದು ಓಮು. ವಿದ್ಯುತ್ತಿನ ಹರಿವಿಗೆ ಸ್ಪೀಕರು ಒಡ್ಡುವ ತಡೆಯ ಅಳತೆ ಇದು. ಮನೆಯ ಸ್ಪೀಕರುಗಳ ಮೇಲೆ ಸಾಮಾನ್ಯವಾಗಿ 4, 6 ಅಥವಾ 8 ಓಮ್ ಎಂದಿರುತ್ತದೆ. ತಡೆ ಕಡಿಮೆಯಾದಷ್ಟೂ ಹರಿವು ಹೆಚ್ಚು. ಆಂಪ್ಲಿಫಯರು 8 ವೋಲ್ಟು ಒದಗಿಸಿತೆನ್ನೋಣ. 8 ಓಮಿನ ಸ್ಪೀಕರಿನಲ್ಲಿ 1 ಆಂಪಿಯರ್ ಹರಿದು 8 ವಾಟು ಖರ್ಚಾಗುತ್ತದೆ. 4 ಓಮಿನದರಲ್ಲಿ 2 ಆಂಪಿಯರ್ ಹರಿದು 16 ವಾಟು ಖರ್ಚಾಗುತ್ತದೆ. ಇದನ್ನು ಲಾಭವೆಂದು ಹಿಗ್ಗಬಾರದು. ಅಷ್ಟು ಹರಿವನ್ನು ಕೊಡಲಾರದ ಆಂಪ್ಲಿಫಯರು ಬಿಸಿಯೇರಿ ಕೆಟ್ಟುಹೋಗಬಹುದು. ಆದುದರಿಂದ ಅದರ ಬೆನ್ನಿನಲ್ಲಿ ಕನಿಷ್ಠ 8 ಓಮ್ ಎಂದಿದ್ದರೆ 4 ಓಮಿನ ಸ್ಪೀಕರನ್ನು ಜೋಡಿಸಲೇಬಾರದು. ಕನಿಷ್ಠ 4 ಓಮ್ ಎಂದಿದ್ದರೆ 8 ಓಮಿನದನ್ನು ನಿರ್ಭಯವಾಗಿ ಜೋಡಿಸಬಹುದು. ವಾಟು ಕೊಂಚ ಕಡಿಮೆ ದೊರೆಯುತ್ತದೆ, ಅಷ್ಟೆ. 8 ಓಮಿನ ಎರಡು ಸ್ಪೀಕರುಗಳನ್ನು ಒಂದೇ ಕಡೆಯ ತಂತಿಗೆ ಅಕ್ಕಪಕ್ಕದಲ್ಲಿ ಸೇರಿಸಿದರೆ ಒಟ್ಟು ತಡೆ 4 ಓಮಿಗೆ ಇಳಿಯುವುದೆಂಬುದೂ ನೆನಪಿರಲಿ.

ಎರಡನೆಯದು, ಅಂಗಡಿಯಲ್ಲಿ ಯಾರೂ ವಿಚಾರಿಸದ ಅಂಕಿ: ಸ್ಪೀಕರಿನ ಸಂವೇದನೆ. 1 ವಾಟು ಕೊಟ್ಟಾಗ 1 ಮೀಟರ್ ದೂರದಲ್ಲಿ ಎಷ್ಟು ಡೆಸಿಬೆಲ್ ಸದ್ದು ಕೇಳುವುದೆಂದು ಇದು ತಿಳಿಸುತ್ತದೆ. ವಾಟು ಇಮ್ಮಡಿಯಾದರೆ ಸದ್ದು ಏರುವುದು ಕೇವಲ 3 ಡೆಸಿಬೆಲ್. ಕಿವಿಗೆ ಸದ್ದು ಎರಡರಷ್ಟೆನಿಸಲು ಸುಮಾರು 10 ಡೆಸಿಬೆಲ್, ಎಂದರೆ ಹತ್ತರಷ್ಟು ವಾಟು ಬೇಕು. 92 ಡೆಸಿಬೆಲ್ಲಿನ ಸ್ಪೀಕರು 10 ವಾಟಿನಲ್ಲಿ ಮಾಡುವ ಸದ್ದಿಗೆ 86 ಡೆಸಿಬೆಲ್ಲಿನದು 40 ವಾಟು ಬೇಡುತ್ತದೆ. ದುಬಾರಿ ಆಂಪ್ಲಿಫಯರಿಗೆ ಸುರಿಯುವ ಹಣವನ್ನು ಇಲ್ಲಿ ಉಳಿಸಬಹುದಲ್ಲವೆ?

ವಾಟಿನ ವಿಚಾರ ಕೊನೆಗೆ. ನಮ್ಮ ಜಿಲ್ಲೆಯವರಿಗೆ ಪ್ರಿಯವಾದ ತಾಳಮದ್ದಳೆಯನ್ನೇ ತೆಗೆದುಕೊಳ್ಳೋಣ. 88 ಡೆಸಿಬೆಲ್ಲಿನ ಸ್ಪೀಕರಿನಿಂದ ಎರಡು ಮೀಟರ್ ದೂರದಲ್ಲಿ ಕುಳಿತು, 70 ಡೆಸಿಬೆಲ್ಲಿನಲ್ಲಿ ಅರ್ಥಗಾರಿಕೆ ಕೇಳಲು 1 ವಾಟಿನ ಹದಿನಾರನೆಯ ಒಂದು ಭಾಗ ಸಾಕು. ಆದರೆ ಒಮ್ಮೆಲೆ ಬೀಳುವ ಚೆಂಡೆಯ ಪೆಟ್ಟು ಮಾತಿಗಿಂತ 20 ಡೆಸಿಬೆಲ್ ಮೇಲಕ್ಕೆ ನೆಗೆದರೆ, ಆ ಕ್ಷಣಕ್ಕೆ ನೂರರಷ್ಟು, ಎಂದರೆ ಸುಮಾರು 6 ವಾಟು ಬೇಕು. ಹಾಗಾಗಿ ಒಂದೊಂದು ಕಡೆಗೆ 20ರಿಂದ 30 ನಿಜವಾದ ವಾಟುಗಳಿದ್ದರೆ ಸಣ್ಣ ಮನೆಗೆ ಧಾರಾಳವಾಯಿತು.

ನಿಜವಾದ ವಾಟು ಎಂದುದಕ್ಕೆ ಕಾರಣವಿದೆ. ಪೆಟ್ಟಿಗೆಯ ಮೇಲೆ ಸಾವಿರಗಟ್ಟಲೆ ವಾಟು ತೋರಿಸುವ ಪಿ.ಎಂ.ಪಿ.ಓ. ಎಂಬ ಅಂಕಿಗೆ ನಿಶ್ಚಿತವಾದ ಮಾನದಂಡವೇ ಇಲ್ಲ. ನೋಡಬೇಕಾದುದು ಆರ್.ಎಂ.ಎಸ್. ಅಂಕಿ, ಅದೂ ಎಷ್ಟು ಓಮಿಗೆ ಎಂಬುದರೊಡನೆ. ಸಣ್ಣ ಆಂಪ್ಲಿಫಯರಿನಿಂದ ಸ್ಪೀಕರಿಗೆ ಅಪಾಯವಿಲ್ಲ ಎಂಬ ನಂಬಿಕೆಯೂ ಸರಿಯಲ್ಲ. ಶಕ್ತಿಮೀರಿ ದುಡಿಸಿದಾಗ ಅದು ಧ್ವನಿತರಂಗದ ತುದಿಯನ್ನು ಕತ್ತರಿಸಿಬಿಡುತ್ತದೆ; ಆಗ ಹುಟ್ಟುವ ಕರ್ಕಶ ಧ್ವನಿ ಮುಖ್ಯವಾಗಿ ಟ್ವೀಟರೆಂಬ ಚಿಕ್ಕ ಸ್ಪೀಕರನ್ನು ಸುಡುತ್ತದೆ. ಸದ್ದು ಒಡೆದಂತೆ ಕೇಳಿದೊಡನೆ ತಗ್ಗಿಸುವುದೇ ಜಾಣತನ.

ನಂತೂರಿನಲ್ಲಿ 66ನೆಯ ಹೆದ್ದಾರಿಯ ಬದಿಯಲ್ಲಿರುವ ನಮಗೆ ಇನ್ನೊಂದು ಪೀಕಲಾಟ: ಲಾರಿಗಳ ಸದ್ದನ್ನು ಮೀರಿಸುವ ಚಪಲ. ಅದಕ್ಕಾಗಿ ದೊಡ್ಡ ಆಂಪ್ಲಿಫಯರು ತರುವುದಕ್ಕಿಂತ ಸ್ಪೀಕರುಗಳನ್ನು ಹತ್ತಿರ ಸರಿಸುವುದು ಲೇಸು. ಬಯಲಿನಲ್ಲಾದರೆ ದೂರ ಅರ್ಧವಾದಾಗ ದೊರೆಯುವ ಸದ್ದು ನಾಲ್ಕರಷ್ಟು ವಾಟಿಗೆ ಸಮ. ಕೋಣೆಯೊಳಗೆ ಲಾಭ ತುಸು ಕಡಿಮೆ, ಆದರೂ ಕಾಸು ಖರ್ಚಿಲ್ಲ. ಜೋಡಿಸುವಾಗ ಎರಡು ಕಡೆಗಳಲ್ಲೂ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಸೇರಲಿ; ಒಂದು ಕಡೆ ತಿರುವುಮುರುವಾದರೆ ಎರಡು ಸ್ಪೀಕರುಗಳ ತಗ್ಗು ಸ್ವರಗಳು ಒಂದನ್ನೊಂದು ನುಂಗಿ, ಮದ್ದಳೆ ಸೊರಗುತ್ತದೆ. ನೆರೆಯವರ ನಿದ್ದೆಯೂ ಲೆಕ್ಕಕ್ಕೆ ಬರಬೇಕು: 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರ ವರೆಗೆ 45 ಡೆಸಿಬೆಲ್ ಮಿತಿ.

ಹೀಗೆ ಮೊದಲು ಕೋಣೆ, ಅನಂತರ ಸ್ಪೀಕರು, ಅದರ ಓಮು ಮತ್ತು ಸಂವೇದನೆ, ಕೊನೆಗೆ ಅದಕ್ಕೊಪ್ಪುವ ಆಂಪ್ಲಿಫಯರು ಎಂಬ ಕ್ರಮದಲ್ಲಿ ಹೊರಟರೆ ಅಂಗಡಿಯವರ ಮಾತಿಗೆ ಮರುಳಾಗಬೇಕಿಲ್ಲ. ಈ ನಾಲ್ಕು ಅಂಕಿಗಳನ್ನು ಓದಲು ಎಂಜಿನಿಯರೇ ಆಗಬೇಕೆಂದಿಲ್ಲ. ನಾವು ಕಲಿತ ಅಕ್ಷರ ಪರೀಕ್ಷೆಯ ಉತ್ತರಪತ್ರಿಕೆಯಲ್ಲೇ ಮುಗಿಯದೆ, ಮನೆಯವರ ಬೆವರಿನ ಹಣಕ್ಕೆ ಕಾವಲಾಗಿಯೂ ನಿಲ್ಲಲಿ.