ನಮ್ಮ ಬೀದಿಗೆ ದೀಪ ಬಂತು

ನಾವಿರೋದು ಊರಾಚೆಯ ಆಶ್ರಯ ಬಡಾವಣೆ. ಬಡವರಿಗೆ ಮನೆ ಕೊಡುವ ಆಶ್ರಯ ಯೋಜನೆ ಕರ್ನಾಟಕದಲ್ಲಿ 1991-92ರಲ್ಲಿ ಶುರುವಾಯಿತು. ನಮ್ಮವು ಚಿಕ್ಕ ಮನೆಗಳು. ಆದರೆ ತಿಂಗಳಾದರೆ ಬಾಡಿಗೆಯ ಚಿಂತೆ ಇಲ್ಲ. ಬಸ್ಸು, ಲಾರಿ ಗದ್ದಲ ಇಲ್ಲ. ಮಕ್ಕಳು ಜಗಲಿ ಮೇಲೆ ಕೂತು ಓದ್ತಾರೆ. ಬಾಣಂತಿ, ಕೂಸು ಹಾಯಾಗಿ ಮಲಗ್ತಾರೆ.

ಮನೆ ಯಾರದು ಎಂದು ಹೇಳುವ ಕಾಗದವೇ ಹಕ್ಕುಪತ್ರ. ನಮ್ಮ ಹಕ್ಕುಪತ್ರ ಹೆಂಗಸರಾದ ನಮ್ಮ ಹೆಸರಲ್ಲೇ ಇದೆ. ಕುಡಿದು ಬಂದ ಗಂಡನೂ "ಮನೆ ಬಿಟ್ಟು ನಡಿ" ಅನ್ನೋ ಹಾಗಿಲ್ಲ.

ಆದರೆ ಒಂದು ಕಷ್ಟ ಇತ್ತು. ಬೀದಿ ದೀಪ ಇರಲಿಲ್ಲ. ಹಗಲು ಹಿತವಾದ ಮೌನ, ಕತ್ತಲಾದರೆ ಹೆದರಿಕೆ ತರುತ್ತಿತ್ತು. ಕೆಲಸ ಮುಗಿಸಿ ಬರುವ ಹೆಣ್ಣುಮಕ್ಕಳು ಓಡೋಡಿ ಬರುತ್ತಿದ್ದರು.

ಹಳ್ಳಿಯಲ್ಲಿ ಬೀದಿ ದೀಪ ಹಾಕೋದು ಗ್ರಾಮ ಪಂಚಾಯಿತಿ ಕೆಲಸ. 1993ರ ಪಂಚಾಯತ್ ರಾಜ್ ಕಾಯ್ದೆ ಹೀಗೆ ಹೇಳುತ್ತದೆ. ನಾವೇ ಅರ್ಜಿ ಬರೆದೆವು. ಯಾರೂ ಹೆಬ್ಬೆಟ್ಟು ಒತ್ತಲಿಲ್ಲ. ಎಲ್ಲರೂ ಸಹಿ ಹಾಕಿದೆವು. ಅರ್ಜಿ ಕೊಟ್ಟು ರಸೀದಿ ಪಡೆದೆವು. ಗ್ರಾಮಸಭೆಯಲ್ಲೂ ಎದ್ದು ನಿಂತು ಕೇಳಿದೆವು. ಕೊನೆಗೆ ಮೂರು ಕಂಬಕ್ಕೆ ದೀಪ ಬಂತು.

ಈಗ ಸಂಜೆ ಜಗಲಿ ಮೇಲೆ ಕೂತು ಮಾತಾಡ್ತೇವೆ. ಬೀದಿ ಮೌನವಾಗೇ ಇದೆ. ಭಯ ಮಾತ್ರ ಹೋಗಿದೆ.

ಅಕ್ಕ, ನಿಮ್ಮ ಬೀದಿಯಲ್ಲಿ ದೀಪ ಇದೆಯಾ? ಇಲ್ಲದಿದ್ದರೆ ಪೆನ್ನು ಹಿಡಿಯಿರಿ.