ಬಿಯರಿನ ರುಚಿ ಎಲ್ಲಿಂದ ಬರುತ್ತದೆ?

ನೀರು, ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ (ಮಾಲ್ಟ್), ಹಾಪ್ಸ್ ಎಂಬ ಬಳ್ಳಿಯ ಹೂವು ಮತ್ತು ಯೀಸ್ಟ್: ಬಿಯರಿಗೆ ಬೇಕಾದದ್ದು ಮುಖ್ಯವಾಗಿ ಈ ನಾಲ್ಕೇ. ಬವೇರಿಯಾದ ದೊರೆಗಳು 1516ರಲ್ಲಿ ಹೊರಡಿಸಿದ ಕಟ್ಟಳೆಯಲ್ಲಿ ಮೊದಲ ಮೂರರ ಹೆಸರಷ್ಟೇ ಇತ್ತು. ಯೀಸ್ಟ್ ಒಂದು ಜೀವಿ, ಹುದುಗುವಿಕೆ ಅದರ ಕೆಲಸ ಎಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಇಷ್ಟೇ ಸಾಮಗ್ರಿಯನ್ನು ಹಿಡಿದು ಜೆಕ್ ನಾಡಿನ ಪಿಲ್ಸೆನ್ ಊರು ಹೊಂಬಣ್ಣದ ತಿಳಿ ಲಾಗರ್ ಕೊಟ್ಟಿತು, ಡಬ್ಲಿನ್ ಕಡುಗಪ್ಪು ಸ್ಟೌಟ್ ಕೊಟ್ಟಿತು. ಬರ್ಟನ್ ಕಹಿ ಪೇಲ್ ಏಲ್‌ಗೆ ಹೆಸರಾದರೆ, ಬ್ರಸೆಲ್ಸ್ ಗೋಧಿಯನ್ನೂ ಸೇರಿಸಿ ಮಾಡುವ ಹುಳಿ ಲ್ಯಾಂಬಿಕ್‌ಗೆ ಹೆಸರಾಯಿತು. ಕ್ರಾಫ್ಟ್ ಬಿಯರ್ ಪ್ರಿಯರು ಬ್ರೂವರಿಯಿಂದ ಬ್ರೂವರಿಗೆ ಹೋಗಿ ಒಂದನ್ನೊಂದು ಹೋಲಿಸಿ ವಾದಿಸುವುದು ಈ ವ್ಯತ್ಯಾಸಗಳ ಬಗ್ಗೆಯೇ. ಇವುಗಳಲ್ಲಿ ಹೆಚ್ಚಿನವು ಹುಟ್ಟಿದ್ದು ಆಯಾ ಊರಿನ ನೀರು, ಹವೆ ಮತ್ತು ಸೂಕ್ಷ್ಮಜೀವಿಗಳಿಂದ. ಅವುಗಳ ರಸಾಯನ ತಿಳಿದ ಮೇಲೆ ಯಾವ ಊರಿನ ಶೈಲಿಯನ್ನಾದರೂ ಬೇರೆಲ್ಲಾದರೂ ತಯಾರಿಸುವುದು ಸಾಧ್ಯವಾಯಿತು.

ನೀರಿನ ಪಾಲು

ಬಿಯರಿನ ತೊಂಬತ್ತು ಭಾಗಕ್ಕಿಂತ ಹೆಚ್ಚು ನೀರೇ. ನೀರಿನಲ್ಲಿ ಕರಗಿದ ಲವಣಗಳು ಎರಡು ರೀತಿಯಲ್ಲಿ ರುಚಿಯನ್ನು ನಿರ್ಧರಿಸುತ್ತವೆ. ಕೆಲವು ನೇರವಾಗಿ ನಾಲಿಗೆಗೆ ತಾಗುತ್ತವೆ, ಕೆಲವು ಮಾಲ್ಟ್ ನೆನೆಸಿದ ಗಂಜಿಯ ಆಮ್ಲೀಯತೆಯನ್ನು ಬದಲಿಸುತ್ತವೆ. ಈ ಗಂಜಿಗೆ ಮ್ಯಾಷ್ ಎಂದು ಹೆಸರು. ಅದರ ಪಿಎಚ್ ಸುಮಾರು 5.2ರಿಂದ 5.6ರ ನಡುವೆ ಇದ್ದರೆ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಪಿಎಚ್ ಎಂಬ ಅಳತೆಗೋಲು ಕೂಡ ಬ್ರೂವರಿಯ ಕೊಡುಗೆಯೇ: ಕೋಪನ್‌ಹೇಗನ್‌ನ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ಸೋರೆನ್ಸೆನ್ 1909ರಲ್ಲಿ ಅದನ್ನು ರೂಪಿಸಿದ.

ಡಬ್ಲಿನ್‌ನ ನೀರಿನಲ್ಲಿ ಬೈಕಾರ್ಬೊನೇಟ್ ಹೆಚ್ಚು. ತಿಳಿ ಬಣ್ಣದ ಮಾಲ್ಟನ್ನು ಅದರಲ್ಲಿ ನೆನೆಸಿದರೆ ಪಿಎಚ್ ಏರಿಬಿಡುತ್ತದೆ, ಬಿಯರ್ ಒಗರಾಗುತ್ತದೆ. ಕಪ್ಪಗೆ ಹುರಿದ ಧಾನ್ಯಕ್ಕೆ ತನ್ನದೇ ಹುಳಿ ಇರುವುದರಿಂದ ಅದು ಈ ಕ್ಷಾರಗುಣವನ್ನು ತಗ್ಗಿಸುತ್ತದೆ. ಡಬ್ಲಿನ್‌ನಲ್ಲಿ ಸ್ಟೌಟ್ ಒಗ್ಗಿದ್ದಕ್ಕೆ ಇದೊಂದು ಮುಖ್ಯ ಕಾರಣ. ಇಂಗ್ಲೆಂಡಿನ ಬರ್ಟನ್‌-ಅಪಾನ್-ಟ್ರೆಂಟ್‌ನಲ್ಲಿ ಬಾವಿಯ ನೀರು ಜಿಪ್ಸಮ್ ಪದರಗಳನ್ನು ಹಾದು ಬರುತ್ತದೆ. ಅದರಲ್ಲಿರುವ ಸಲ್ಫೇಟ್ ಹಾಪ್ಸ್‌ನ ಕಹಿಯನ್ನು ಚುರುಕಾಗಿಸಿ, ಬಾಯಲ್ಲಿ ಒಣ ಮುಕ್ತಾಯ ಕೊಡುತ್ತದೆ. ಪಿಲ್ಸೆನ್‌ನ ನೀರು ಇದಕ್ಕೆ ತೀರ ವಿರುದ್ಧ, ಲವಣವೇ ಇಲ್ಲವೆನ್ನುವಷ್ಟು ಮೃದು. ಹೀಗಾಗಿ ಅಲ್ಲಿ ಹಾಪ್ಸ್ ಎಷ್ಟೇ ಹಾಕಿದರೂ ಕಹಿ ಒರಟಾಗುವುದಿಲ್ಲ.

ಜಿಪ್ಸಮ್‌ನ ಗುಟ್ಟು ಬಯಲಾದ ಮೇಲೆ ಬೇರೆ ಊರಿನ ಬ್ರೂವರ್‌ಗಳು ತಮ್ಮ ನೀರಿಗೆ ಅದನ್ನು ಬೆರೆಸತೊಡಗಿದರು. ಇಂದಿನ ಸಣ್ಣ ಬ್ರೂವರಿಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ರಿವರ್ಸ್ ಆಸ್ಮೋಸಿಸ್‌ನಿಂದ ನೀರಿನ ಲವಣವನ್ನು ತೆಗೆದು, ಬೇಕಾದಷ್ಟನ್ನೇ ತೂಗಿ ಸೇರಿಸುತ್ತವೆ. ಕೊಳವೆಬಾವಿಯ ಗಡಸು ನೀರಿರುವ ಬೆಂಗಳೂರಿನಂಥ ಊರಿನಲ್ಲೂ ಪಿಲ್ಸೆನ್ ಶೈಲಿಯ ಬಿಯರ್ ಸಾಧ್ಯವಾಗುವುದು ಹೀಗೆ.

ಮಾಲ್ಟ್: ಬಣ್ಣ ಮತ್ತು ಮೈಕಟ್ಟು

ಬಾರ್ಲಿಯನ್ನು ನೆನೆಸಿ ಮೊಳಕೆ ಬರಿಸಿದಾಗ ಕಾಳಿನೊಳಗೆ ಅಮೈಲೇಸ್ ಎಂಬ ಕಿಣ್ವಗಳು ಸಜ್ಜಾಗುತ್ತವೆ. ಮೊಳಕೆ ರಾಗಿಯ ಹಿಟ್ಟಿನ ಗಂಜಿ ಬರಿಯ ರಾಗಿಹಿಟ್ಟಿನ ಗಂಜಿಗಿಂತ ತೆಳ್ಳಗೆ, ತುಸು ಸಿಹಿಯಾಗಿ ಇರುವುದೂ ಇದೇ ಕಿಣ್ವಗಳಿಂದ. ಮೊಳಕೆಯನ್ನು ಸರಿಯಾದ ಹಂತದಲ್ಲಿ ಒಣಗಿಸಿದರೆ ಕಿಣ್ವ ಉಳಿದುಕೊಳ್ಳುತ್ತದೆ. ಮುಂದೆ ಬಿಸಿನೀರಿನಲ್ಲಿ ಕಲಸಿದಾಗ ಅದು ಪಿಷ್ಟವನ್ನು ಒಡೆದು ಸಕ್ಕರೆಯಾಗಿಸುತ್ತದೆ.

ಇಲ್ಲಿ ಕೆಲವೇ ಡಿಗ್ರಿಗಳ ಅಂತರ ಎದ್ದು ಕಾಣುತ್ತದೆ. ಮ್ಯಾಷ್ 63 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿದ್ದರೆ ಬೀಟಾ ಅಮೈಲೇಸ್ ಚುರುಕಾಗಿ, ಯೀಸ್ಟ್ ಸುಲಭವಾಗಿ ತಿನ್ನಬಲ್ಲ ಮಾಲ್ಟೋಸ್ ಹೆಚ್ಚುತ್ತದೆ. ಬಿಯರ್ ತೆಳ್ಳಗೆ, ಸಿಹಿಯಿಲ್ಲದೆ ಬರುತ್ತದೆ. 70 ಡಿಗ್ರಿಯತ್ತ ಸರಿದರೆ ಆಲ್ಫಾ ಅಮೈಲೇಸ್‌ನದೇ ಮೇಲುಗೈ. ಯೀಸ್ಟ್‌ಗೆ ಜಗ್ಗದ ಡೆಕ್ಸ್‌ಟ್ರಿನ್‌ಗಳು ಹೆಚ್ಚು ಉಳಿದು ಬಿಯರಿಗೆ ಮೈ ತುಂಬುತ್ತದೆ. ರುಚಿ ನೋಡುವವರು ‘ಬಾಡಿ’ ಎನ್ನುವುದಕ್ಕೆ ಬಹುಪಾಲು ಕಾರಣ ಇದು.

ಬಣ್ಣ ಬರುವುದು ಒಣಗಿಸುವ ಶಾಖದಿಂದ. ಶಾಖಕ್ಕೆ ಸಕ್ಕರೆ ಮತ್ತು ಅಮೈನೋ ಆಮ್ಲಗಳು ಕೂಡಿ ಕಂದು ಬಣ್ಣ, ಬಿಸ್ಕತ್ತು, ಕ್ಯಾರಮೆಲ್, ಕಾಫಿಯ ಪರಿಮಳಗಳನ್ನು ಹುಟ್ಟಿಸುತ್ತವೆ. ಇದನ್ನು ಮೈಯಾರ್ ಕ್ರಿಯೆ ಎನ್ನುತ್ತಾರೆ. ಸ್ಟೌಟ್‌ನಲ್ಲಿ ಕಪ್ಪಗೆ ಹುರಿದ ಧಾನ್ಯದ ಪಾಲು ಸಾಮಾನ್ಯವಾಗಿ ಹತ್ತರಲ್ಲಿ ಒಂದರಷ್ಟು. ಉಳಿದದ್ದು ಹೆಚ್ಚಾಗಿ ತಿಳಿ ಮಾಲ್ಟೇ. ಕಪ್ಪು ಬಿಯರ್ ಎಂದರೆ ಹೆಚ್ಚು ಮದ್ಯಸಾರವುಳ್ಳದ್ದು ಎಂಬ ಎಣಿಕೆ ಆದ್ದರಿಂದ ತಪ್ಪು, ಬಣ್ಣಕ್ಕೂ ಮದ್ಯಸಾರಕ್ಕೂ ಸಂಬಂಧವಿಲ್ಲ.

ಹಾಪ್ಸ್: ಕಹಿ ಮತ್ತು ಪರಿಮಳ

ಹಾಪ್ಸ್ ಬಳ್ಳಿ ಗಾಂಜಾದ ಕುಟುಂಬಕ್ಕೆ ಸೇರಿದ್ದು. ಅದರ ಹೆಣ್ಣು ಹೂವಿನ ದಳಗಳ ಬುಡದಲ್ಲಿ ಹಳದಿ ಪುಡಿಯಂಥ ಗ್ರಂಥಿಗಳಿರುತ್ತವೆ. ಅವುಗಳಲ್ಲಿರುವ ಆಲ್ಫಾ ಆಮ್ಲಗಳು ಹಾಗೆಯೇ ಅಷ್ಟಾಗಿ ಕಹಿಯಲ್ಲ, ನೀರಿನಲ್ಲೂ ಸರಿಯಾಗಿ ಕರಗುವುದಿಲ್ಲ. ಒಂದು ಗಂಟೆ ಕುದಿಸಿದಾಗ ಅಣುವಿನ ರಚನೆ ಬದಲಾಗಿ ಐಸೋ ಆಲ್ಫಾ ಆಮ್ಲವಾಗುತ್ತದೆ; ಬಿಯರಿನ ಕಹಿ ಬರುವುದು ಇದರಿಂದ. ಲೀಟರಿಗೆ ಸುಮಾರು 1 ಮಿಲಿಗ್ರಾಂ ಐಸೋ ಆಲ್ಫಾ ಆಮ್ಲವಿದ್ದರೆ ಕಹಿಯ ಅಳತೆಯಲ್ಲಿ ಅದು 1 ಐಬಿಯು ಎಂದು ಲೆಕ್ಕ. ಹಗುರ ಲಾಗರ್‌ಗಳಲ್ಲಿ ಇದು ಹತ್ತರ ಆಸುಪಾಸಿನಲ್ಲಿದ್ದರೆ, ಐಪಿಎ (ಇಂಡಿಯಾ ಪೇಲ್ ಏಲ್) ಬಿಯರುಗಳಲ್ಲಿ 40ರಿಂದ 70ರವರೆಗೆ ಇರುವುದು ಸಾಮಾನ್ಯ. ಆದರೆ ಐಬಿಯು ನಾಲಿಗೆಯ ಅನುಭವವನ್ನು ಪೂರ್ತಿ ಹೇಳುವುದಿಲ್ಲ. ಮಾಲ್ಟಿನ ಸಿಹಿ ಹೆಚ್ಚಿದ್ದರೆ ಅದೇ ಅಂಕಿಯ ಬಿಯರ್ ಕಡಿಮೆ ಕಹಿಯೆನಿಸುತ್ತದೆ.

ಪರಿಮಳದ ಎಣ್ಣೆಗಳು ಬೇಗ ಆವಿಯಾಗುವಂಥವು. ಮೊದಲೇ ಹಾಕಿದ ಹಾಪ್ಸ್ ಕಹಿ ಕೊಟ್ಟು ಪರಿಮಳ ಕಳೆದುಕೊಳ್ಳುತ್ತದೆ. ಹೀಗಾಗಿ ಪರಿಮಳಕ್ಕೆಂದು ಹಾಪ್ಸನ್ನು ಕುದಿಯ ಕೊನೆಗೆ, ಇಲ್ಲವೇ ಹುದುಗುವಿಕೆಯ ಸಮಯದಲ್ಲಿ ಅಥವಾ ಆನಂತರ ತಣ್ಣಗಿನ ಬಿಯರಿಗೇ ಹಾಕುತ್ತಾರೆ. ಈ ಕೊನೆಯ ಕ್ರಮ ಡ್ರೈ ಹಾಪಿಂಗ್.

ಇಂಡಿಯಾ ಪೇಲ್ ಏಲ್ ಎಂಬ ಶೈಲಿಗೆ ಭಾರತದ ನಂಟು ನಿಜವಾದದ್ದು. ಲಂಡನ್ನಿನ ಬೋ ಬ್ರೂವರಿಯಿಂದಲೂ ಆಮೇಲೆ ಬರ್ಟನ್‌ನಿಂದಲೂ ಹಾಪ್ಸ್ ಹೆಚ್ಚಿದ ಪೇಲ್ ಏಲ್ ಪೀಪಾಯಿಗಳು ತಿಂಗಳುಗಟ್ಟಲೆ ಹಡಗಿನಲ್ಲಿ ಸಾಗಿ ಕಲ್ಕತ್ತಾ, ಮದ್ರಾಸು, ಬೊಂಬಾಯಿಗಳಲ್ಲಿದ್ದ ಬ್ರಿಟಿಷರನ್ನು ಮುಟ್ಟುತ್ತಿದ್ದವು. ಹಾಪ್ಸ್ ಆಮ್ಲಗಳು ಹುಳಿ ಹಿಡಿಸುವ ಹಲವು ಬ್ಯಾಕ್ಟೀರಿಯಾಗಳನ್ನು ತಡೆಯುವುದರಿಂದ ಬಿಯರ್ ಪಯಣದಲ್ಲಿ ಕೆಡುವುದು ಕಡಿಮೆಯಾಗಿತ್ತು. ಈ ಶೈಲಿ ಮರುಹುಟ್ಟು ಪಡೆದದ್ದು ಅಮೆರಿಕದಲ್ಲಿ. 1972ರಲ್ಲಿ ಬಿಡುಗಡೆಯಾದ ಕ್ಯಾಸ್ಕೇಡ್ ಎಂಬ ಹಾಪ್ಸ್ ತಳಿಗೆ ಚಕ್ಕೋತದಂಥ ಪರಿಮಳವಿತ್ತು. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬ್ರೂವರಿ 1980ರಲ್ಲಿ ಆರಂಭಿಸಿದ ಪೇಲ್ ಏಲ್ ಅದನ್ನೇ ಮುಂದೆ ಮಾಡಿತು. ಅಮೆರಿಕದ ಕ್ರಾಫ್ಟ್ ಬಿಯರ್ ಚಳವಳಿಯ ಗುರುತಿನ ರುಚಿಯಾಗಿ ನಿಂತದ್ದು ಇದು.

ಯೀಸ್ಟ್: ಲಾಗರ್ ಮತ್ತು ಏಲ್

ಯೀಸ್ಟ್ ಸಕ್ಕರೆಯನ್ನು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಆಗಿಸುವುದರ ಜೊತೆಗೆ ನೂರಾರು ಪರಿಮಳದ ಅಣುಗಳನ್ನೂ ಹೊರಬಿಡುತ್ತದೆ. ಏಲ್ ಯೀಸ್ಟ್ 18ರಿಂದ 22 ಡಿಗ್ರಿಯಲ್ಲಿ ಬೇಗ ಕೆಲಸ ಮಾಡಿ ಹಣ್ಣಿನ ವಾಸನೆಯ ಎಸ್ಟರ್‌ಗಳನ್ನು ಹೆಚ್ಚು ಕೊಡುತ್ತದೆ. ಜರ್ಮನಿಯ ಗೋಧಿ ಬಿಯರ್ ಹೆಫೆವೈಜೆನ್‌ನಲ್ಲಿ ಬಾಳೆಹಣ್ಣಿನ ವಾಸನೆ ಕೊಡುವುದು ಐಸೊಅಮೈಲ್ ಅಸಿಟೇಟ್, ಲವಂಗದ ವಾಸನೆ ಕೊಡುವುದು 4-ವಿನೈಲ್ ಗ್ವಾಯಕಾಲ್. ಬಾಳೆಯಾಗಲಿ ಲವಂಗವಾಗಲಿ ಅದರಲ್ಲಿ ಇರುವುದಿಲ್ಲ.

ಲಾಗರ್ ಯೀಸ್ಟ್ 8ರಿಂದ 13 ಡಿಗ್ರಿಯ ತಂಪಿನಲ್ಲಿ ನಿಧಾನವಾಗಿ ಕೆಲಸ ಮಾಡುತ್ತದೆ. ಆಮೇಲೆ ವಾರಗಟ್ಟಲೆ ಶೀತದಲ್ಲಿಟ್ಟಾಗ ರುಚಿ ತಿಳಿಯಾಗುತ್ತದೆ. ಈ ಯೀಸ್ಟ್ ಎರಡು ಪ್ರಭೇದಗಳ ಮಿಶ್ರತಳಿ. ಒಂದು ಬ್ರೆಡ್ಡು, ಏಲ್‌ಗಳ ಸ್ಯಾಕರೊಮೈಸಿಸ್ ಸೆರವೀಸಿಯೆ. ಇನ್ನೊಂದು, ಚಳಿ ತಡೆಯುವ ಸ್ಯಾಕರೊಮೈಸಿಸ್ ಯೂಬಯಾನಸ್, ದಕ್ಷಿಣ ಅಮೆರಿಕದ ಪ್ಯಾಟಗೋನಿಯಾ ಕಾಡುಗಳಲ್ಲಿ ಪತ್ತೆಯಾಗಿ 2011ರಲ್ಲಿ ಪ್ರಕಟವಾಯಿತು. ಬವೇರಿಯಾದ ಯೋಸೆಫ್ ಗ್ರೋಲ್ 1842ರಲ್ಲಿ ಪಿಲ್ಸೆನ್‌ನಲ್ಲಿ ತಯಾರಿಸಿದ ಬಿಯರಿನಲ್ಲಿ ಲಾಗರ್ ಯೀಸ್ಟ್, ಮೃದು ನೀರು, ತಿಳಿ ಮಾಲ್ಟ್ ಮತ್ತು ಝಾಟೆಟ್ಸ್ ಸೀಮೆಯ ಹಾಪ್ಸ್ ಒಟ್ಟಿಗೆ ಸೇರಿದವು. ಇಂದು ಜಗತ್ತಿನಲ್ಲಿ ಕುಡಿಯುವ ಬಿಯರಿನ ಬಹುಭಾಗ ಅದರ ಸಂತತಿ. ಕಾರ್ಲ್ಸ್‌ಬರ್ಗ್‌ನ ಎಮಿಲ್ ಹಾನ್ಸೆನ್ 1883ರಲ್ಲಿ ಒಂದೇ ಕೋಶದಿಂದ ಶುದ್ಧ ಯೀಸ್ಟ್ ಬೆಳೆಸುವ ವಿಧಾನ ಕಂಡುಕೊಂಡ ಮೇಲೆ ಪ್ರತಿ ಬಾರಿಯೂ ಒಂದೇ ರುಚಿ ತರುವುದು ಸಾಧ್ಯವಾಯಿತು.

ಗಾಳಿಯಿಂದ ಬಂದ ಹುದುಗು

ಶುದ್ಧ ಯೀಸ್ಟ್‌ನ ದಾರಿ ಹಿಡಿಯದ ಬ್ರೂವರಿಗಳೂ ಉಳಿದಿವೆ. ಬ್ರಸೆಲ್ಸ್‌ನ ಆಂಡರ್‌ಲೆಕ್ಟ್‌ನಲ್ಲಿ 1900ರಲ್ಲಿ ಆರಂಭವಾದ ಕಾಂಟಿಯೋನ್ ಅಂಥದ್ದು, ಬ್ರೂವರಿಯೂ ಹೌದು, ವಸ್ತುಸಂಗ್ರಹಾಲಯವೂ ಹೌದು. ನೋಡಲು ಬಂದವರು ಮರದ ಮೆಟ್ಟಿಲು ಹತ್ತಿ ಅಟ್ಟಕ್ಕೆ ಹೋದರೆ ಕಾಣುವುದು ಅಗಲವಾದ, ಆಳವಿಲ್ಲದ ತಾಮ್ರದ ತೊಟ್ಟಿ. ಕುದಿಸಿದ ಸಿಹಿ ಕಷಾಯವನ್ನು ಚಳಿಗಾಲದ ರಾತ್ರಿ ಇಲ್ಲಿ ತೆರೆದಿಟ್ಟು ಆರಿಸುತ್ತಾರೆ. ಗಾಳಿಯಲ್ಲೂ ಕಟ್ಟಡದಲ್ಲೂ ಇರುವ ಸೂಕ್ಷ್ಮಜೀವಿಗಳು ಅದರೊಳಗೆ ಇಳಿಯುತ್ತವೆ. ಕೆಳಗೆ ಸಾಲಾಗಿ ಮರದ ಪೀಪಾಯಿಗಳು. ಹಣ್ಣಿನ ನೊಣಗಳನ್ನು ಹಿಡಿಯಲೆಂದು ಜೇಡರಬಲೆಗಳನ್ನು ತೆಗೆಯದೆ ಬಿಟ್ಟಿರುತ್ತಾರೆ.

ಪೀಪಾಯಿಯಲ್ಲಿ ಜೀವಿಗಳು ಸರದಿಯಂತೆ ಬೆಳೆಯುತ್ತವೆ. ಮೊದಲ ವಾರಗಳಲ್ಲಿ ಕರುಳಿನ ಬ್ಯಾಕ್ಟೀರಿಯಾಗಳ ಬಳಗದವು, ನಂತರ ಸ್ಯಾಕರೊಮೈಸಿಸ್, ಆಮೇಲೆ ಲ್ಯಾಕ್ಟಿಕ್ ಆಮ್ಲ ಕೊಡುವ ಪೀಡಿಯೊಕಾಕಸ್, ಕೊನೆಗೆ ಬ್ರೆಟ್ಟನೊಮೈಸಿಸ್. ಡೆಕ್ಸ್‌ಟ್ರಿನ್‌ಗಳನ್ನೂ ಬಿಡದೆ ತಿನ್ನುವ ಬ್ರೆಟ್ಟನೊಮೈಸಿಸ್, ಒಣಹುಲ್ಲು, ತೊಗಲಿನಂಥ ವಾಸನೆ ಸೇರಿಸುತ್ತದೆ. ಹೀಗೆ ಹುದುಗಿದ ಬಿಯರೇ ಲ್ಯಾಂಬಿಕ್. ಒಂದು, ಎರಡು, ಮೂರು ವರ್ಷದ ಲ್ಯಾಂಬಿಕ್‌ಗಳನ್ನು ಬೆರೆಸಿ ಸೀಸೆಗೆ ತುಂಬಿದರೆ ಅದು ಗೂಜ್. ಎಳೆಯದರಲ್ಲಿ ಉಳಿದ ಸಕ್ಕರೆ ಸೀಸೆಯೊಳಗೇ ಹುದುಗಿ ನೊರೆ ತರುತ್ತದೆ.

ಹೋಲಿಕೆಯ ಕ್ರಮ

ಒಂದು ಬಿಯರ್ ಇನ್ನೊಂದಕ್ಕಿಂತ ಮೇಲು ಎಂಬ ಮಾತಿನಲ್ಲಿ ಲೇಬಲ್, ಬೆಲೆ, ಜೊತೆಗಾರರ ಅಭಿಪ್ರಾಯ ಎಲ್ಲ ಬೆರೆತಿರುತ್ತವೆ. ಇವನ್ನು ಹೊರಗಿಡಲು ಕಾರ್ಲ್ಸ್‌ಬರ್ಗ್‌ನಲ್ಲಿ 1940ರ ದಶಕದಲ್ಲಿ ತ್ರಿಕೋನ ಪರೀಕ್ಷೆ ಬಳಕೆಗೆ ಬಂತು. ಗುರುತಿಲ್ಲದ ಮೂರು ಲೋಟಗಳಲ್ಲಿ ಎರಡರಲ್ಲಿ ಒಂದೇ ಬಿಯರ್, ಮೂರನೆಯದರಲ್ಲಿ ಬೇರೆಯದು. ಬೇರೆಯದನ್ನು ಗುರುತಿಸಬೇಕು. ಬರೀ ಊಹೆಯಿಂದಲೂ ಮೂರರಲ್ಲಿ ಒಬ್ಬರು ಸರಿ ಹೇಳಿಯಾರು. ಹೀಗಾಗಿ 12 ಜನರಲ್ಲಿ ಕನಿಷ್ಠ 8 ಮಂದಿ ಸರಿ ಹೇಳಿದಾಗಲೇ ವ್ಯತ್ಯಾಸ ಇದೆಯೆಂದು ಶೇ 5ರ ಸಂಖ್ಯಾಶಾಸ್ತ್ರೀಯ ಮಟ್ಟದಲ್ಲಿ ಒಪ್ಪುತ್ತಾರೆ. ಸಣ್ಣ ಮಾದರಿಯಿಂದ ತೀರ್ಮಾನಕ್ಕೆ ಬರುವ ಗಣಿತಕ್ಕೂ ಬ್ರೂವರಿಯ ಋಣವಿದೆ. ಡಬ್ಲಿನ್‌ನ ಗಿನ್ನೆಸ್‌ನಲ್ಲಿದ್ದ ವಿಲಿಯಂ ಗಾಸೆಟ್ 1908ರಲ್ಲಿ ‘ಸ್ಟೂಡೆಂಟ್’ ಎಂಬ ಹೆಸರಿನಲ್ಲಿ ಪ್ರಕಟಿಸಿದ ಲೇಖನದಿಂದ ಬೆಳೆದದ್ದು ಟಿ-ಪರೀಕ್ಷೆ.

ಹೋಲಿಕೆಯನ್ನು ಕೆಡಿಸುವ ಇನ್ನೊಂದು ಸಂಗತಿ ಬಿಯರಿನ ವಯಸ್ಸು ಮತ್ತು ಅದನ್ನು ಇಟ್ಟ ರೀತಿ. ಬೆಳಕು ತಾಗಿದರೆ ಐಸೋ ಆಲ್ಫಾ ಆಮ್ಲ ಒಡೆದು ಗಂಧಕದ ಸಂಯುಕ್ತವೊಂದು ಹುಟ್ಟುತ್ತದೆ. ಲೀಟರಿಗೆ ಕೆಲವು ನ್ಯಾನೊಗ್ರಾಂ ಇದ್ದರೂ ಮೂಗಿಗೆ ನಾತ ಹೊಡೆಯುತ್ತದೆ. ಕಂದು ಸೀಸೆ ಬಳಸುವುದು ಇದಕ್ಕೇ. ಆಮ್ಲಜನಕ ಸೇರಿ ಹಳತಾದ ಬಿಯರಿಗೆ ಒದ್ದೆ ರಟ್ಟಿನ ವಾಸನೆ ಬರುತ್ತದೆ, ಡ್ರೈ ಹಾಪಿಂಗ್‌ನ ಪರಿಮಳ ಎಲ್ಲಕ್ಕಿಂತ ಮೊದಲು ಇಳಿಯುತ್ತದೆ. ಪಿಲ್ಸೆನ್‌ನ ನೆಲಮಾಳಿಗೆಗಳಲ್ಲಿ ಸಂದರ್ಶಕರಿಗೆ ಓಕ್ ಪೀಪಾಯಿಯಿಂದ ನೇರ ಕೊಡುವ ಬಿಯರ್ ಸೋಸದ, ಪಾಶ್ಚರೀಕರಿಸದ ಬಿಯರ್. ಅಂಗಡಿಯ ಸೀಸೆಯಲ್ಲಿ ಸಿಗುವುದು ಸೋಸಿ, ಪಾಶ್ಚರೀಕರಿಸಿ, ದೂರ ಸಾಗಿ ಬಂದದ್ದು. ಬ್ರೂವರಿಯಲ್ಲಿ ಕುಡಿದದ್ದು ಬೇರೆಯೇ ಎನಿಸಿದರೆ ಅದು ಬರೀ ಭ್ರಮೆಯಲ್ಲ. ಎರಡು ಬ್ರೂವರಿಗಳನ್ನು ಸರಿಯಾಗಿ ಹೋಲಿಸಬೇಕಾದರೆ ಒಂದೇ ಶೈಲಿಯ, ಒಂದೇ ವಯಸ್ಸಿನ, ಒಂದೇ ತಾಪಮಾನದ ಬಿಯರುಗಳನ್ನು ಹೆಸರು ಮರೆಮಾಡಿ ಸುರಿಯಬೇಕು. ಆಗ ಉಳಿಯುವ ವ್ಯತ್ಯಾಸ ನೀರು, ಮಾಲ್ಟ್, ಹಾಪ್ಸ್, ಯೀಸ್ಟ್ ಮತ್ತು ಬ್ರೂವರ್‌ನ ಕೈಗೆ ಸೇರಿದ್ದು.